ಕುತ್ತಿಗೆ ಆಪರೇಷನ್ ಆಯ್ತು, ಡ್ಯೂಟಿಗೆ ಯಾವಾಗ?

ಕುತ್ತಿಗೆಯ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ಮುಗಿಸಿ ಮನೆಗೆ ಬಂದವರನ್ನು ನೋಡಲು ಬರುವವರೆಲ್ಲ ಕೇಳುವ ಪ್ರಶ್ನೆ ಇದು. ಮ್ಯಾನೇಜರ್ ಕೂಡ ಇದನ್ನೇ ಕೇಳುತ್ತಾರೆ, ಸ್ವಲ್ಪ ಮೆತ್ತಗೆ. 'ಆರು ವಾರ' ಅನ್ನುವ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳಲ್ಲ. ಆದರೆ ಯಾರ ಆರು ವಾರ? ಕಂಪ್ಯೂಟರ್ ಮುಂದೆ ಕೂರುವವರದ್ದಾ, ಹೊಲಿಗೆ ಮೆಷಿನ್ ಮೇಲೆ ತಲೆ ಬಗ್ಗಿಸುವವರದ್ದಾ, ಎಪಿಎಂಸಿಯಲ್ಲಿ ಮೂಟೆ ಹೊರುವವರದ್ದಾ?

ಎಡವಟ್ಟಾಗುವುದು ಎಲ್ಲಿ ಅಂದರೆ, ಆಪರೇಷನ್ ಚೆನ್ನಾಗಿ ಆದರೆ ಕೈಗೆ ಇಳಿಯುತ್ತಿದ್ದ ಸೆಳೆತ ಬಹಳ ಜನರಿಗೆ ಕೆಲವೇ ದಿನದಲ್ಲಿ ಕಡಿಮೆಯಾಗಿಬಿಡುತ್ತದೆ. ತಿಂಗಳುಗಟ್ಟಲೆ ಬಾರದ ನಿದ್ದೆ ಬರುತ್ತದೆ, ಊಟ ಸೇರುತ್ತದೆ, 'ನಾನು ಆರಾಮಾಗಿದ್ದೀನಿ' ಅನ್ನಿಸುತ್ತದೆ. ಒಳಗೆ ಡಿಸ್ಕ್ ತೆಗೆದ ಜಾಗದಲ್ಲಿ ಮೂಳೆ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಕೂಡುತ್ತಿರುತ್ತದೆ. ಅದಕ್ಕೆ ಕಡಿಮೆ ಅಂದರೂ ಮೂರು ತಿಂಗಳು ಬೇಕು, ಪೂರ್ತಿ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ. ನೋವು ಹೋಗಿದೆ, ಮೂಳೆ ಇನ್ನೂ ಕೂಡಿಲ್ಲ. ಜನ ಸಿಲಿಂಡರ್ ಎತ್ತುವುದು, ಬೈಕ್ ಹತ್ತುವುದು ಈ ನಡುವಿನ ಕಾಲದಲ್ಲೇ. ಆದ್ದರಿಂದ ವಾರ ಎಣಿಸುವುದಕ್ಕಿಂತ, ನಿಮ್ಮ ಕೆಲಸ ನಿಮ್ಮ ಕತ್ತಿನಿಂದ ಏನೇನು ಮಾಡಿಸುತ್ತದೆ ಅಂತ ನೋಡುವುದು ಒಳ್ಳೆಯದು. ನನಗೂ ಇದೇ ಆಪರೇಷನ್ ಆಗಿದೆ, ಮೇಜಿನ ಕೆಲಸಕ್ಕೆ ವಾಪಸ್ ಹೋಗಿದ್ದೇನೆ. ಕೆಳಗಿನ ಯಾವ ಮಾತಾದರೂ ನಿಮ್ಮ ಸರ್ಜನ್ ಹೇಳಿದ್ದಕ್ಕೆ ವಿರುದ್ಧ ಇದ್ದರೆ, ಅವರ ಮಾತೇ ನಡೆಯಲಿ.

ಮೊದಲು: ನಿಮಗೆ ಆಗಿದ್ದು ಯಾವ ಆಪರೇಷನ್?

ಜಾಸ್ತಿ ಜನರಿಗೆ ಆಗುವುದು ಎಸಿಡಿಎಫ್. ಕತ್ತಿನ ಮುಂಭಾಗದಲ್ಲಿ, ಗಂಟಲಿನ ಪಕ್ಕ ಕೊಯ್ದು, ಕೆಟ್ಟ ಡಿಸ್ಕ್ ತೆಗೆದು, ಆ ಜಾಗದಲ್ಲಿ ಮೂಳೆಯ ಚೂರು ಅಥವಾ ಕೇಜ್ (ಪುಟ್ಟ ಡಬ್ಬಿಯಂಥ ತುಂಡು) ಇಟ್ಟು, ಬೇಕಾದರೆ ಪ್ಲೇಟ್-ಸ್ಕ್ರೂ ಹಾಕಿ ಮೇಲಿನ ಕೆಳಗಿನ ಮೂಳೆ ಒಂದಾಗುವ ಹಾಗೆ ಮಾಡುತ್ತಾರೆ. ಕತ್ತಿನಲ್ಲಿ ಇರುವುದು ಏಳು ಮೂಳೆ, ಮೇಲಿನಿಂದ ಸಿ1, ಸಿ2 ಅಂತ ಸಿ7ವರೆಗೆ ಎಣಿಸುತ್ತಾರೆ. ಹೆಚ್ಚು ಸವೆಯುವುದು ಕೆಳಗಿನ ಸಿ5-ಸಿ6 ಮತ್ತು ಸಿ6-ಸಿ7 ನಡುವಿನ ಡಿಸ್ಕ್. ಕೆಲವರಿಗೆ ಕೃತಕ ಡಿಸ್ಕ್ ಹಾಕುತ್ತಾರೆ. ಅಲ್ಲಿ ಮೂಳೆ ಕೂಡುವ ಮಾತೇ ಇಲ್ಲ, ಹಾಗಾಗಿ ಸಾಮಾನ್ಯವಾಗಿ ಬೇಗ ಬಿಡುತ್ತಾರೆ. ಇನ್ನು ಕೆಲವರಿಗೆ ಹಿಂದಿನಿಂದ ಲ್ಯಾಮಿನೆಕ್ಟಮಿ ಅಥವಾ ಲ್ಯಾಮಿನೋಪ್ಲಾಸ್ಟಿ ಆಗಿರುತ್ತದೆ, ಅಂದರೆ ಬೆನ್ನುಹುರಿಗೆ ಜಾಗ ಮಾಡಲು ಮೂಳೆಯ ಹಿಂಭಾಗ ತೆಗೆಯುವುದು ಅಥವಾ ಅಗಲಿಸುವುದು. ಹಿಂದಿನ ಸ್ನಾಯುಗಳನ್ನು ಬಿಡಿಸಿಕೊಂಡು ಹೋಗಬೇಕಾದ್ದರಿಂದ ನೋವು ಜಾಸ್ತಿ, ಚೇತರಿಕೆ ನಿಧಾನ.

ಡಿಸ್ಚಾರ್ಜ್ ಆಗುವ ಮೊದಲು ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆಸಿಕೊಳ್ಳಿ. ಎಷ್ಟು ಲೆವೆಲ್ (ಎಷ್ಟು ಡಿಸ್ಕಿನ ಜಾಗ) ಮಾಡಿದ್ದೀರಿ? ನರಕ್ಕೆ ಮಾತ್ರ ಒತ್ತಡ ಇತ್ತಾ, ಬೆನ್ನುಹುರಿಗೂ ಇತ್ತಾ? ಕಾಲರ್ ಎಷ್ಟು ದಿನ, ಮಲಗುವಾಗಲೂ ಬೇಕಾ? ಮುಂದಿನ ಎಕ್ಸ್‌ರೇವರೆಗೆ ಎಷ್ಟು ಕೆಜಿ ಎತ್ತಬಹುದು? ಎರಡನೆಯ ಪ್ರಶ್ನೆಯನ್ನು ಮರೆಯಬೇಡಿ. ಬೆನ್ನುಹುರಿಗೇ ಒತ್ತಡ ಇದ್ದವರ ದಾರಿ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾಲರ್ ವಿಷಯಕ್ಕೆ ಒಂದು ಮಾತು. ಒಂದೇ ಲೆವೆಲ್ ಆಗಿ ಪ್ಲೇಟ್ ಹಾಕಿದ್ದರೆ ಎಷ್ಟೋ ಸರ್ಜನ್‌ಗಳು ಕಾಲರ್ ಕೊಡುವುದೇ ಇಲ್ಲ. ಪಕ್ಕದ ಬೆಡ್ಡಿನವರಿಗೆ ಕೊಟ್ಟರು ಅಂತ ಮೆಡಿಕಲ್ ಶಾಪಿನಿಂದ ನೀವೇ ತಂದು ಹಾಕಿಕೊಳ್ಳಬೇಡಿ, ಬೇಕಿಲ್ಲದ ಕಾಲರ್‌ನಿಂದ ಕತ್ತಿನ ಸ್ನಾಯು ಸೊರಗುತ್ತದೆ. ಕೊಟ್ಟಿದ್ದರೆ, ಸೆಕೆ ಅಂತ ಬಿಚ್ಚಿ ಇಡಬೇಡಿ.

ಮೊದಲ ಎರಡು ವಾರ: ಗಂಟಲು, ಹಾಸಿಗೆ, ಬಚ್ಚಲು

ಕತ್ತಿನ ಮುಂದಿನಿಂದ ಆದ ಆಪರೇಷನ್ ಆದರೆ ಮೊದಲು ಕಾಡುವುದು ಗಂಟಲು. ಅನ್ನನಾಳವನ್ನೂ ಶ್ವಾಸನಾಳವನ್ನೂ ಪಕ್ಕಕ್ಕೆ ಸರಿಸಿ ಹಿಡಿದು ಕೆಲಸ ಮಾಡಿರುತ್ತಾರೆ, ಒಳಗೆ ಊತ ಇರುತ್ತದೆ. ನುಂಗಲು ಕಷ್ಟ, ದನಿ ಗೊಗ್ಗರು. ಬಹುತೇಕರಿಗೆ ದಿನಗಳಲ್ಲಿ, ಕೆಲವರಿಗೆ ವಾರಗಳಲ್ಲಿ ಸರಿಹೋಗುತ್ತದೆ.

ಮುದ್ದೆ ಉಣ್ಣುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಊದಿದ ಗಂಟಲಿಗೆ ಅದು ಸಿಕ್ಕಿಕೊಂಡರೆ ಕಷ್ಟ. ನುಂಗುವುದು ಸಲೀಸಾಗುವವರೆಗೆ ರಾಗಿ ಬೇಕಿದ್ದರೆ ಅಂಬಲಿ ಮಾಡಿಕೊಳ್ಳಿ. ಗಂಜಿ, ಮೆತ್ತಗೆ ಕಿವುಚಿದ ಮೊಸರನ್ನ, ಸಾಂಬಾರಿನಲ್ಲಿ ನೆನೆಸಿದ ಇಡ್ಲಿ ನಡೆಯುತ್ತದೆ. ಚಪಾತಿ, ಜೋಳದ ರೊಟ್ಟಿ, ಅವಲಕ್ಕಿ ಒಗ್ಗರಣೆ ಸ್ವಲ್ಪ ದಿನ ಬೇಡ. ನೆಟ್ಟಗೆ ಕೂತು, ಸಣ್ಣ ತುತ್ತು, ಟಿವಿ ನೋಡದೆ. ದೊಡ್ಡ ಮಾತ್ರೆಗಳನ್ನು ಪುಡಿ ಮಾಡಬಹುದಾ ಅಂತ ಕೇಳಿ ಮಾಡಿ, ಎಲ್ಲ ಮಾತ್ರೆಯನ್ನೂ ಪುಡಿ ಮಾಡುವ ಹಾಗಿಲ್ಲ.

ಹಾಸಿಗೆಯಿಂದ ಏಳುವಾಗ ನೇರವಾಗಿ ತಲೆ ಎತ್ತಿ ಏಳಬೇಡಿ. ಮೊದಲು ಮೈಯೆಲ್ಲ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಇಳಿಬಿಟ್ಟು, ಕೈ ಊರಿ ಎದ್ದು ಕೂರಿ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಅಭ್ಯಾಸ ಇದ್ದರೂ ಸದ್ಯಕ್ಕೆ ಮಂಚವೇ ವಾಸಿ. ಅಂಗಾತ ಅಥವಾ ಪಕ್ಕಕ್ಕೆ ಮಲಗಿ, ಬೋರಲು ಬೇಡ. ದಿಂಬು ಕತ್ತನ್ನು ಮುಂದಕ್ಕೆ ದೂಡಬಾರದು, ಎರಡೆರಡು ದಿಂಬು ಪೇರಿಸಬೇಡಿ.

ಬಟ್ಟೆ ಮುಂದೆ ಗುಂಡಿ ಇರುವಂಥದ್ದು ಇರಲಿ. ತಲೆ ಮೇಲಿಂದ ಟೀ ಶರ್ಟ್ ಎಳೆದುಕೊಳ್ಳುವುದು ಈಗ ಸರ್ಕಸ್. ಗಾಯಕ್ಕೆ ಯಾವಾಗ ನೀರು ಸೋಕಬಹುದು ಅಂತ ಡಾಕ್ಟರ್ ಹೇಳುವವರೆಗೆ ಮೈಗೆ ಮಾತ್ರ ಸ್ನಾನ. ಬಚ್ಚಲಲ್ಲಿ ಸ್ಟೂಲ್ ಹಾಕಿಕೊಳ್ಳಿ, ಬಕೆಟ್ಟನ್ನು ಇನ್ನೊಂದು ಸ್ಟೂಲ್ ಮೇಲೆ ಇಡಿ, ಬಗ್ಗಿ ಮೊಗೆಯುವುದು ತಪ್ಪುತ್ತದೆ. ತಲೆಸ್ನಾನಕ್ಕೆ ಮನೆಯವರು ಯಾರಾದರೂ ನೀರು ಹಾಕಲಿ.

ಇಷ್ಟನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ: ಕತ್ತು ಇದ್ದಕ್ಕಿದ್ದಂತೆ ಊದಿ ಉಸಿರಾಡಲು ಕಷ್ಟವಾದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ. ಎಂಜಲೂ ನುಂಗಲಾಗದಿದ್ದರೆ, ಕೈ ಅಥವಾ ಕಾಲು ಹೊಸದಾಗಿ ಸೋಲಲು ಶುರುವಾದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಎದೆನೋವು ಬಂದರೆ ಆಗಲೂ ನೇರವಾಗಿ ಎಮರ್ಜೆನ್ಸಿಗೆ. ಜ್ವರ, ಗಾಯದಲ್ಲಿ ಕೀವು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಎರಡರಿಂದ ಆರು ವಾರ: ನಡಿಗೆಯೇ ಔಷಧಿ

ಈ ಹಂತದಲ್ಲಿ ಮಾಡಬೇಕಾದ ವ್ಯಾಯಾಮ ಒಂದೇ, ನಡಿಗೆ. ಮನೆಯೊಳಗೆ ಶುರು ಮಾಡಿ ಬೀದಿಗೆ, ಬೀದಿಯಿಂದ ಪಾರ್ಕಿಗೆ. ಒಂದೇ ಸಲ ಉದ್ದಕ್ಕೆ ನಡೆಯುವ ಬದಲು ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ. ಕತ್ತಿನ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಶುರು ಮಾಡಿಸುವುದು ಬಹುಪಾಲು ಆರು ವಾರದ ಎಕ್ಸ್‌ರೇ ಆದ ಮೇಲೆ. ಅಲ್ಲಿಯವರೆಗೆ ಯೂಟ್ಯೂಬ್ ನೋಡಿ ಕತ್ತು ತಿರುಗಿಸಬೇಡಿ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಇವನ್ನು ಸರ್ಜನ್ ಬಾಯಿಬಿಟ್ಟು ಹೂಂ ಅನ್ನದ ಹೊರತು ಮರೆತುಬಿಡಿ, ನೀವು ಇಪ್ಪತ್ತು ವರ್ಷದಿಂದ ಯೋಗ ಮಾಡಿದವರಾದರೂ ಅಷ್ಟೇ.

ಭಾರದ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವುದು ಮೊದಲ ವಾರಗಳಲ್ಲಿ 2ರಿಂದ 4 ಕೆಜಿ. ಕೇಳಲು ಸರಿ, ಆದರೆ ಮನೆಯಲ್ಲಿ ಯಾವುದು ಎಷ್ಟು ತೂಗುತ್ತದೆ ಅಂತ ನಮಗೆ ಅಂದಾಜೇ ಇರುವುದಿಲ್ಲ. ನೀರಿನ ಕ್ಯಾನ್ 20 ಕೆಜಿ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30. ಒಂದು ವರ್ಷದ ಮಗು 9-10. ಲ್ಯಾಪ್‌ಟಾಪ್, ಚಾರ್ಜರ್, ಊಟದ ಡಬ್ಬಿ, ನೀರಿನ ಬಾಟಲಿ ಸೇರಿದ ಆಫೀಸ್ ಬ್ಯಾಗ್ ಸುಲಭವಾಗಿ 4 ಕೆಜಿ ದಾಟುತ್ತದೆ. ಮಗುವನ್ನು ಎತ್ತಬೇಡಿ ಅಂದರೆ ಯಾರಿಗೂ ಮನಸ್ಸಾಗುವುದಿಲ್ಲ, ಗೊತ್ತು. ನೀವು ಸೋಫಾದಲ್ಲಿ ಕೂತು, ಮಗುವನ್ನು ಬೇರೆಯವರು ತಂದು ತೊಡೆ ಮೇಲೆ ಕೂರಿಸಲಿ.

ಬೀಡಿ, ಸಿಗರೇಟು ಪೂರ್ತಿ ನಿಲ್ಲಬೇಕು. ಇದು ಬುದ್ಧಿಮಾತಲ್ಲ, ನಿಕೋಟಿನ್ ಮೂಳೆ ಕೂಡುವುದನ್ನು ನೇರವಾಗಿ ತಡೆಯುತ್ತದೆ. ಗುಟ್ಕಾ, ಹೊಗೆಸೊಪ್ಪಿನಲ್ಲೂ ಇರುವುದು ಅದೇ ನಿಕೋಟಿನ್. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರದ ನೋವಿನ ಮಾತ್ರೆಗಳನ್ನೂ ಮೂಳೆ ಕೂಡುವ ಕಾಲದಲ್ಲಿ ಹಲವು ಸರ್ಜನ್‌ಗಳು ಬೇಡ ಅನ್ನುತ್ತಾರೆ. ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ. ನರದ ನೋವಿಗೆ ಪ್ರೆಗಾಬಲಿನ್, ಗ್ಯಾಬಪೆಂಟಿನ್ ಕೊಟ್ಟಿದ್ದರೆ ತೂಕಡಿಕೆ ಸಹಜ, ಹಾಗಂತ ಒಂದೇ ದಿನಕ್ಕೆ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬನ್ನಿ. ಸಕ್ಕರೆ ಕಾಯಿಲೆ ಇದ್ದವರು ಗಾಯ ಒಣಗುವವರೆಗೆ ಶುಗರ್ ಮೇಲೆ ಕಣ್ಣಿಡಿ.

ಇನ್ನು ನೋಡಲು ಬರುವವರ ಸಲಹೆಗಳು. ಒಬ್ಬರು ಎಣ್ಣೆ ತರುತ್ತಾರೆ, ಇನ್ನೊಬ್ಬರಿಗೆ ನರ ಹಿಡಿಯುವವರು ಗೊತ್ತಿರುತ್ತಾರೆ. ನಕ್ಕು, ಕಾಫಿ ಕೊಟ್ಟು ಕಳಿಸಿ. ಕಟಿಂಗ್ ಶಾಪಿನಲ್ಲಿ ಮಾತ್ರ ಕೂರುವ ಮೊದಲೇ ಹೇಳಿಬಿಡಿ. ಕಟಿಂಗ್ ಮುಗಿದ ಮೇಲೆ ಪ್ರೀತಿಯಿಂದ ತಲೆ ಮಸಾಜ್ ಮಾಡಿ, ಹೇಳದೆ ಕೇಳದೆ ಕತ್ತು ಲಟಕ್ ಅನ್ನಿಸುತ್ತಾರಲ್ಲ, ಅದು ನಿಮಗೆ ಇನ್ನು ಮುಂದೆ ಬೇಡವೇ ಬೇಡ.

ಕೈ ಜೋಮು ಇನ್ನೂ ಹೋಗಿಲ್ಲ, ಯಾಕೆ?

ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ, ಜೋಮು ಕೊನೆಗೆ. ಎಷ್ಟೋ ಜನರಲ್ಲಿ ಇದೇ ಕ್ರಮ. ಬೆರಳ ತುದಿಯ ಜೋಮು ತಿಂಗಳುಗಟ್ಟಲೆ ಉಳಿಯಬಹುದು, ಸ್ವಲ್ಪ ಉಳಿದೇ ಹೋಗಲೂಬಹುದು. ಹೆಗಲಿನಲ್ಲಿ, ಬೆನ್ನಿನ ರೆಕ್ಕೆ ಮೂಳೆಗಳ ನಡುವೆ ಬಿಗಿತ ಬರುವುದು ಮಾಮೂಲು.

ಬೆನ್ನುಹುರಿಗೇ ಒತ್ತಡ ಇದ್ದು, ನಡಿಗೆ ತೊಡರುತ್ತಿದ್ದವರು, ಅಂಗಿ ಗುಂಡಿ ಹಾಕಲು ಒದ್ದಾಡುತ್ತಿದ್ದವರು ನಿರೀಕ್ಷೆಯನ್ನು ಬೇರೆ ತರ ಇಟ್ಟುಕೊಳ್ಳಬೇಕು. ಅವರಿಗೆ ಆಪರೇಷನ್ ಮಾಡುವ ಮೊದಲ ಉದ್ದೇಶ ಇನ್ನಷ್ಟು ಹದಗೆಡದಂತೆ ತಡೆಯುವುದು. ಸುಧಾರಣೆ ಬರುತ್ತದೆ, ಆದರೆ ನಿಧಾನ, ಪೂರ್ತಿ ಬರಲೇಬೇಕು ಅಂತಿಲ್ಲ. ಏಣಿ ಹತ್ತುವ, ಎತ್ತರದಲ್ಲಿ ನಿಲ್ಲುವ, ಕತ್ತರಿಸುವ ಯಂತ್ರ ನಡೆಸುವ ಕೆಲಸ ಇದ್ದರೆ ಸಮತೋಲನ ಮತ್ತು ಕೈ ಹಿಡಿತ ಪರೀಕ್ಷೆ ಮಾಡಿಸಿಕೊಂಡ ಮೇಲೆಯೇ ಮುಂದಿನ ಮಾತು.

ನಿಮ್ಮ ಕೆಲಸವನ್ನು ಬಿಡಿಸಿ ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಒಂದು ದಿನದ ಕೆಲಸದಲ್ಲಿ ತಲೆ ಎಷ್ಟು ಹೊತ್ತು ಬಗ್ಗಿರುತ್ತದೆ, ಎಷ್ಟು ಹೊತ್ತು ಮೇಲೆ ನೋಡುತ್ತೀರಿ, ಎಷ್ಟು ಭಾರ ಎತ್ತುತ್ತೀರಿ, ಕೈ ಭುಜಕ್ಕಿಂತ ಮೇಲೆ ಹೋಗುತ್ತದಾ, ಕುಲುಕಾಟ ಎಷ್ಟು ಅಂತ ಬರೆಯಿರಿ. ಹುದ್ದೆಯ ಹೆಸರು ಬೇಡ, ಚಲನೆ ಬರೆಯಿರಿ. ಈ ಹಾಳೆಯನ್ನೇ ಆರು ವಾರದ ಚೆಕಪ್‌ಗೆ ಒಯ್ಯಿರಿ. 'ನಾನು ಕೆಲಸಕ್ಕೆ ಹೋಗಬಹುದಾ' ಅಂದರೆ ಡಾಕ್ಟರ್ ಅಂದಾಜಿನಲ್ಲಿ ಉತ್ತರಿಸುತ್ತಾರೆ. 'ದಿನಕ್ಕೆ ಆರು ತಾಸು ತಲೆ ಬಗ್ಗಿಸಿ ಹೊಲಿಯುತ್ತೇನೆ' ಅಂದರೆ ಸರಿಯಾದ ಉತ್ತರ ಸಿಗುತ್ತದೆ.

ತಲೆ ಬಗ್ಗಿಸುವುದಕ್ಕೆ ಇಷ್ಟು ಮಹತ್ವ ಯಾಕೆ? ನಮ್ಮ ತಲೆಯ ತೂಕ ಸುಮಾರು 5 ಕೆಜಿ. ನೆಟ್ಟಗಿದ್ದಾಗ ಕತ್ತಿನ ಮೇಲೆ ಬೀಳುವುದು ಅಷ್ಟೇ. ಬಗ್ಗಿದಷ್ಟೂ ಹೊರೆ ಏರುತ್ತದೆ. ಅಮೆರಿಕದ ಒಬ್ಬ ಸರ್ಜನ್ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 60 ಡಿಗ್ರಿ ಬಗ್ಗಿದರೆ ಅದು ಸುಮಾರು 27 ಕೆಜಿ ಆಗುತ್ತದೆ. ಹೀಗಾಗಿ ಕೂತು ಮಾಡುವ ಕೆಲಸವೆಲ್ಲ ಹಗುರ ಅಂದುಕೊಳ್ಳಬೇಡಿ.

ಕಂಪ್ಯೂಟರ್ ಕೆಲಸದವರು ಎರಡರಿಂದ ಆರು ವಾರದೊಳಗೆ ಮರಳುತ್ತಾರೆ, ಮನೆಯಿಂದ ಮಾಡುವ ಅವಕಾಶ ಇದ್ದರೆ ಇನ್ನೂ ಸುಲಭ. ಲ್ಯಾಪ್‌ಟಾಪನ್ನು ಹಾಗೇ ಮೇಜಿನ ಮೇಲಿಟ್ಟು ಮಾತ್ರ ಕೂರಬೇಡಿ. ನಾಲ್ಕು ದಪ್ಪ ಪುಸ್ತಕದ ಮೇಲೆ ಏರಿಸಿ, ಕೀಬೋರ್ಡ್ ಮೌಸ್ ಬೇರೆ ತಗೊಳ್ಳಿ, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಒಂದು ಎಚ್ಚರಿಕೆ: ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕ ಇದ್ದರೆ ನೀವು ಕೆಳಗಿನ ಭಾಗದಿಂದ ನೋಡಲು ಗದ್ದ ಎತ್ತುತ್ತೀರಿ, ಕತ್ತು ಹಿಂದಕ್ಕೆ ಮುರಿಯುತ್ತದೆ. ಅಂಥವರು ಸ್ಕ್ರೀನನ್ನು ಸ್ವಲ್ಪ ಕೆಳಗೆ ಇಡಬೇಕು ಅಥವಾ ಕಂಪ್ಯೂಟರಿಗೆಂದೇ ಬೇರೆ ಕನ್ನಡಕ ಮಾಡಿಸಬೇಕು. ಅರ್ಧ ತಾಸಿಗೊಮ್ಮೆ ಎದ್ದೇಳಿ. ಕಿವಿ ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡುವುದು ಇವತ್ತಿಗೇ ಮುಗಿಯಲಿ.

ಟೈಲರ್, ಅಕ್ಕಸಾಲಿ, ಮೊಬೈಲ್ ರಿಪೇರಿಯವರು, ಬೀಡಿ ಕಟ್ಟುವವರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು: ಇವರಿಗೆ ಎತ್ತುವ ಭಾರ ಕಡಿಮೆ, ಬಗ್ಗುವ ಹೊತ್ತು ಜಾಸ್ತಿ. ಕಂಪ್ಯೂಟರಿನವರ ಲೆಕ್ಕ ಇವರಿಗೆ ಹೊಂದುವುದಿಲ್ಲ, ಎರಡು ಮೂರು ತಿಂಗಳು ಇಟ್ಟುಕೊಳ್ಳುವುದು ವಾಸಿ. ಮರಳಿದ ಮೇಲೂ ಕೆಲಸವನ್ನು ಕಣ್ಣಿನ ಹತ್ತಿರಕ್ಕೆ ಏರಿಸಿ, ಕಣ್ಣನ್ನು ಕೆಲಸಕ್ಕೆ ಇಳಿಸಬೇಡಿ. ನೆಲದ ಮೇಲೆ ಕೂತು ಮಾಡುವವರು ಮುಂದೆ ಎತ್ತರದ ಮಣೆ ಇಟ್ಟುಕೊಳ್ಳಿ. ಗಾರ್ಮೆಂಟ್ಸ್‌ನಲ್ಲಿ ಗಂಟೆಗೆ ಇಷ್ಟು ಪೀಸ್ ಅನ್ನುವ ಟಾರ್ಗೆಟ್ ಇರುವಾಗ ಇದೆಲ್ಲ ಹೇಳುವಷ್ಟು ಸುಲಭ ಅಲ್ಲ. ಅದಕ್ಕೇ ಟಾರ್ಗೆಟ್ ಇಳಿಸಬೇಕು, ನಡುನಡುವೆ ವಿರಾಮ ಬೇಕು ಅಂತ ಡಾಕ್ಟರ್ ಚೀಟಿಯಲ್ಲೇ ಬರೆಸಿ. ಬಾಯಿಮಾತಿಗೆ ಸೂಪರ್‌ವೈಸರ್ ಬಗ್ಗುವುದಿಲ್ಲ.

ಮೇಷ್ಟ್ರು, ಮೇಡಂಗಳಿಗೆ ಎರಡು ತೊಂದರೆ, ದನಿ ಮತ್ತು ಬೋರ್ಡು. ಬೋರ್ಡಿನ ಕೆಳಗಿನ ಅರ್ಧದಲ್ಲಿ ಬರೆಯಿರಿ, ಮೇಲಿನದ್ದನ್ನು ಮಕ್ಕಳಿಂದ ಬರೆಸಿ. ಆರು ವಾರವಾದರೂ ದನಿ ಗೊಗ್ಗರಾಗೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಪರೀಕ್ಷೆ ಪೇಪರ್ ತಿದ್ದುವಾಗ ಇಳಿಜಾರು ಹಲಗೆ ಇಟ್ಟುಕೊಳ್ಳಿ.

ಹೊಲ, ತೋಟ, ಗಾರೆ ಕೆಲಸ, ಹಮಾಲಿ. ಇಲ್ಲಿ ಮೂರರಿಂದ ಆರು ತಿಂಗಳು, ಅದೂ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೆ. ತಲೆ ಮೇಲೆ ಹೊರುವುದನ್ನು, ಅದು ಹುಲ್ಲಿನ ಹೊರೆಯಾಗಲಿ ಸಿಮೆಂಟ್ ಬಾಣಲಿಯಾಗಲಿ, ಪೂರ್ತಿ ಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೆನ್ನಿಗೆ ಕಟ್ಟುವ 16 ಲೀಟರಿನ ಔಷಧಿ ಪಂಪು ತುಂಬಿದಾಗ 20 ಕೆಜಿ ಹತ್ತಿರ ಬರುತ್ತದೆ ಅನ್ನುವುದು ನೆನಪಿರಲಿ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇನ್ನೊಂದು. ದೋಟಿ ಹಿಡಿದು ಕೊನೆ (ಅಡಿಕೆ ಗೊನೆ) ಇಳಿಸುವಾಗ ಕತ್ತು ಹಿಂದಕ್ಕೆ ಬಾಗಿ ಗಂಟೆಗಟ್ಟಲೆ ಮೇಲೆ ನೋಡಬೇಕು. ಆ ವರ್ಷದ ಕೊಯ್ಲು ಬೇರೆಯವರ ಕೈಲಿ ಮಾಡಿಸಿ, ನೀವು ಕೊನೆ ಎಣಿಸಿ.

ಮನೆಯ ಹೆಂಗಸರಿಗೆ ರಜೆ ಕೊಡುವವರು ಯಾರೂ ಇಲ್ಲ, ಹಾಗಾಗಿ ಅವರ ಚೇತರಿಕೆಯೇ ಎಲ್ಲಕ್ಕಿಂತ ಕಷ್ಟದ್ದು. ರೊಟ್ಟಿ ಬಡಿಯುವುದು, ಒದ್ದೆ ಬಟ್ಟೆ ಹಿಂಡಿ ತಲೆಗಿಂತ ಮೇಲಿನ ತಂತಿಗೆ ಹಾಕುವುದು, ಬಗ್ಗಿ ನೆಲ ಒರೆಸುವುದು, ಅಟ್ಟದಿಂದ ಡಬ್ಬ ಇಳಿಸುವುದು ಇವೆಲ್ಲ ಮೇಲಿನ ಹಾಳೆಯಲ್ಲಿ ಬರಬೇಕಾದ ಚಲನೆಗಳೇ. ಡಿಸ್ಚಾರ್ಜ್ ಆಗುವ ದಿನ ಗಂಡ, ಮಕ್ಕಳು, ಅತ್ತೆ ಎಲ್ಲರ ಎದುರಿಗೆ ಇದನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ನೆಪ, ಅವರು ಹೇಳಿದರೆ ಚಿಕಿತ್ಸೆ, ಅಲ್ವಾ?

ಹೋಗಿ ಬರುವ ದಾರಿ

ಕೆಲಸ ಹಗುರವಾಗಿದ್ದರೂ ದಾರಿ ಹಗುರ ಇರಬೇಕಲ್ಲ. ಕಾಲರ್ ಇರುವವರೆಗೆ ಡ್ರೈವಿಂಗ್ ಇಲ್ಲ, ತೂಕಡಿಕೆ ಬರಿಸುವ ಮಾತ್ರೆ ನುಂಗುತ್ತಿರುವವರೆಗೂ ಇಲ್ಲ. ಎರಡೂ ಪಕ್ಕಕ್ಕೆ ಸಲೀಸಾಗಿ ತಿರುಗಿ ನೋಡಲು, ಗಕ್ಕನೆ ಬ್ರೇಕ್ ಒತ್ತಲು ಆಗಬೇಕು. ಕಾರಿಗೆ ಸಾಮಾನ್ಯವಾಗಿ ಕೆಲವು ವಾರ. ಬೈಕ್, ಸ್ಕೂಟರಿಗೆ ಅದಕ್ಕಿಂತ ತಡ, ಹಲವರಿಗೆ ಮೂರು ತಿಂಗಳವರೆಗೂ. ಹೆಲ್ಮೆಟ್ ಒಂದರ ತೂಕವೇ ಸುಮಾರು ಒಂದು ಕೆಜಿ ಇರುತ್ತದೆ, ಮೇಲಿಂದ ನಮ್ಮ ಹಂಪುಗಳು. ಹಿಂದಿನ ಸೀಟಿನಲ್ಲಿ ಕೂತರೂ ಕುಲುಕು ಅಷ್ಟೇ. ಬಸ್ಸಾದರೆ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮಧ್ಯದಲ್ಲಿ ಕೂರಿ. ಬೆಂಗಳೂರಿನಲ್ಲಿ ಇರುವವರಿಗೆ ಮೆಟ್ರೋ ವಾಸಿ, ಆದರೆ ನೂಕುನುಗ್ಗಲು ಇಲ್ಲದ ಹೊತ್ತು ನೋಡಿ. ಆಟೋ, ಕ್ಯಾಬ್, ಬಸ್ ಓಡಿಸುವುದೇ ಕೆಲಸವಾಗಿದ್ದರೆ ಮೂರು ತಿಂಗಳ ಎಕ್ಸ್‌ರೇಗೆ ಮುಂಚೆ ಸ್ಟೇರಿಂಗ್ ಹಿಡಿಯುವ ಆಸೆ ಬಿಡಿ.

ಕಾಗದಪತ್ರ

ಇಎಸ್‌ಐ ಇದ್ದವರಿಗೆ ಕಾಯಿಲೆ ಭತ್ಯೆ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಆಪರೇಷನ್ ಎಲ್ಲೇ ಆಗಿರಲಿ, ರಜೆಯ ಸರ್ಟಿಫಿಕೇಟ್ ವಿಷಯವನ್ನು ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಮೊದಲೇ ಮಾತಾಡಿ. ರಾಜ್ಯ ಸರ್ಕಾರಿ ನೌಕರರು ಗಳಿಕೆ ರಜೆಯನ್ನೆಲ್ಲ ಒಂದೇ ಸಲ ಖಾಲಿ ಮಾಡುವ ಮೊದಲು ವೈದ್ಯಕೀಯ ಸರ್ಟಿಫಿಕೇಟ್ ಮೇಲೆ ಪರಿವರ್ತಿತ ರಜೆ ಎಷ್ಟಿದೆ ಅಂತ ಕಚೇರಿಯಲ್ಲಿ ವಿಚಾರಿಸಿ. ವಾಪಸ್ ಹಾಜರಾಗುವ ದಿನ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಅದರಲ್ಲಿ ಬರೀ 'ಫಿಟ್' ಅಂತ ಬರೆಸಿಕೊಂಡರೆ ಮರುದಿನವೇ ಹಳೆಯ ಕೆಲಸವೆಲ್ಲ ಹೆಗಲಿಗೆ ಬೀಳುತ್ತದೆ. ಎಷ್ಟು ಭಾರ, ಎಷ್ಟು ತಾಸು, ಎಷ್ಟು ವಾರ ಅನ್ನುವ ಮಿತಿಗಳನ್ನೂ ಬರೆಸಿ.

ಕೈ ಕಾಲಿನ ದುರ್ಬಲತೆ ಶಾಶ್ವತವಾಗಿ ಉಳಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ನೆನಪಿಡಿ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತು ಅಂತ ಸರ್ಕಾರಿ ಸಂಸ್ಥೆ ನೌಕರರನ್ನು ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗೂ ಇಲ್ಲ, ಅದೇ ಸಂಬಳದ ಬೇರೆ ಹುದ್ದೆಗೆ ಬದಲಾಯಿಸಬೇಕು. ಖಾಸಗಿ ಇನ್ಶೂರೆನ್ಸ್ ಇದ್ದವರು ಫಿಸಿಯೋ, ಕಾಲರ್, ಔಷಧಿ ಬಿಲ್ಲುಗಳನ್ನು ಎಸೆಯಬೇಡಿ, ಡಿಸ್ಚಾರ್ಜ್ ನಂತರದ ಖರ್ಚನ್ನು ಇಷ್ಟು ದಿನದವರೆಗೆ ಅಂತ ಬಹಳ ಪಾಲಿಸಿಗಳು ಕೊಡುತ್ತವೆ. ಒಳಗೆ ಹಾಕಿದ ಪ್ಲೇಟ್, ಕೇಜಿನ ಸ್ಟಿಕರ್ ಅಥವಾ ಕಾರ್ಡ್ ಜೋಪಾನ ಮಾಡಿ. ಮುಂದೆ ಎಂಆರ್‌ಐ ಮಾಡಿಸುವಾಗ ಮೊದಲು ಕೇಳುವುದೇ ಅದನ್ನು.

ಮರಳಿದ ಮೇಲೆ

ಸಾಧ್ಯವಾದರೆ ಅರ್ಧ ದಿನದಿಂದ ಶುರು ಮಾಡಿ. ಆಗದಿದ್ದರೆ ಬುಧವಾರ ಅಥವಾ ಗುರುವಾರ ಸೇರಿಕೊಳ್ಳಿ, ಎರಡು ಮೂರು ದಿನದಲ್ಲಿ ವಾರದ ರಜೆ ಬರುತ್ತದೆ. ಸಂಜೆ ಹೊತ್ತಿಗೆ ಕತ್ತು, ಹೆಗಲು ನೋಯುತ್ತದೆ, ಅದಕ್ಕೆ ಹೆದರಬೇಡಿ. ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ಇಳಿದಿದ್ದರೆ ನೀವು ಸರಿಯಾದ ಅಳತೆಯಲ್ಲಿದ್ದೀರಿ. ಬೆಳಿಗ್ಗೆಯೂ ಹಾಗೇ ಇದ್ದರೆ, ದಿನದಿಂದ ದಿನಕ್ಕೆ ಏರುತ್ತಿದ್ದರೆ, ತಾಸು ಕಡಿಮೆ ಮಾಡಿ. ಹಳೆಯ ಸೆಳೆತ ಮತ್ತೆ ಕೈಗೆ ಇಳಿಯಲು ಶುರುವಾದರೆ, ಬೀಗದ ಕೈ ತಿರುಗಿಸಲು, ಗುಂಡಿ ಹಾಕಲು ಬೆರಳು ತಡವರಿಸಿದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಹೋಗಿ ತೋರಿಸಿ.

ಮೂರು ತಿಂಗಳು, ಆರು ತಿಂಗಳು, ವರ್ಷದ ಎಕ್ಸ್‌ರೇಗಳನ್ನು ಬಹಳ ಜನ ತಪ್ಪಿಸುತ್ತಾರೆ, ಆರಾಮಾಗಿದ್ದೀನಲ್ಲ ಅಂತ. ಮೂಳೆ ಕೂಡಿದೆಯೋ ಇಲ್ಲವೋ ಅಂತ ಹೇಳುವುದು ಆ ಎಕ್ಸ್‌ರೇ, ನೋವಲ್ಲ. ಕೆಲಸಕ್ಕೆ ಸೇರಿದ ದಿನವೇ ಆ ಮೂರು ದಿನಕ್ಕೂ ರಜೆ ಅರ್ಜಿ ಕೊಟ್ಟುಬಿಡಿ.